ಶನಿವಾರ ಬಾಗಿಲು ತಟ್ಟುವವರು



ಕೆಲವು ತಿಂಗಳು ಈ ಅಂಕಣ ನಿಮ್ಮ ಕೈಸೇರಲಿಲ್ಲ. "ಯಾಕೆ ನಿಲ್ಲಿಸಿದಿರಿ, ಮುನಿಸೇನಾದರೂ ಉಂಟೇ?" ಎಂದು ಹಲವರು ಫೋನ್ ಮಾಡಿ ಕೇಳಿದಿರಿ. ಮುನಿಸಲ್ಲ. ಈ ಅಂಕಣವನ್ನು ನಾವು ಗಂಡ ಹೆಂಡತಿ ಇಬ್ಬರೂ ಸೇರಿ ಬರೆಯುತ್ತೇವೆ ಎಂಬುದು ನಿಮಗೆ ಗೊತ್ತು. ಒಬ್ಬರು ಹೇಳುವುದು, ಇನ್ನೊಬ್ಬರು ಬರೆಯುವುದು. ಕಳೆದ ಮಳೆಗಾಲದಲ್ಲಿ ಹೇಳುವವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಬರೆಯುವವರು ಪೆನ್ನು ಬಿಟ್ಟು ಸೌಟು ಹಿಡಿಯಬೇಕಾಯಿತು. ಆ ದಿನಗಳಲ್ಲಿ ನಮ್ಮನ್ನು ಎತ್ತಿ ನಿಲ್ಲಿಸಿದವರ ಋಣವನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕೆಂದು ಕುಳಿತಿದ್ದೇವೆ.

ನಮ್ಮೂರು ಕುರನೂರ. ಮಹಾರಾಷ್ಟ್ರದ ಸೋಲಾಪುರ ಜಿಲ್ಲೆ, ಅಕ್ಕಲಕೋಟ ತಾಲೂಕು. ಬೋರಿ ನದಿಗೆ ಇಲ್ಲಿ ಅಣೆಕಟ್ಟು ಕಟ್ಟಿದ್ದಾರೆ. ಅಕ್ಕಲಕೋಟ ಪಟ್ಟಣ ಕುಡಿಯುವುದು ಈ ನೀರನ್ನೇ. ಕಚೇರಿಯ ಕಾಗದ ಮರಾಠಿಯಲ್ಲಿ ಬರುತ್ತದೆ, ಮನೆಯ ಮಾತು ಕನ್ನಡದಲ್ಲಿ ನಡೆಯುತ್ತದೆ. ಸೋಲಾಪುರದಲ್ಲಿ ಗಿರಣಿ ಕಚೇರಿಯ ಗುಮಾಸ್ತಗಿರಿ ಮುಗಿಸಿ, ಮಗ ಪುಣೆಗೆ ಹೋದ ಮೇಲೆ, ಹಿರಿಯರ ಮನೆ ಮತ್ತು ಎರಡು ಎಕರೆ ಜೋಳದ ಹೊಲ ಎಂದು ನಾವು ಇಲ್ಲಿಗೆ ಬಂದೆವು. ಭಾನುವಾರದ ಬಲಿಪೂಜೆಗೆ ಮಾತ್ರ ಸೋಲಾಪುರಕ್ಕೇ ಹೋಗಬೇಕು. ಅಕ್ಕಲಕೋಟದಿಂದ ಅಲ್ಲಿಗೇ ಸುಮಾರು 40 ಕಿಲೋಮೀಟರ್. ಕೈಕಾಲು ಗಟ್ಟಿಯಿದ್ದಾಗ ಅದು ದೂರವೆನಿಸಲಿಲ್ಲ.

ಬಿದ್ದ ದಿನ ಪಕ್ಕದ ಮನೆಯವರೇ ಜೀಪು ತಂದು ಆಸ್ಪತ್ರೆಗೆ ಮುಟ್ಟಿಸಿದರು. ಅವರು ನಮ್ಮ ಮತದವರಲ್ಲ, ಆದರೆ ಆ ರಾತ್ರಿ ನಮ್ಮವರಿಗಿಂತ ಹೆಚ್ಚಾಗಿದ್ದರು. ಸೊಂಟದ ಹತ್ತಿರ ತೊಡೆಯ ಎಲುಬು ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು. ಮಗ ಓಡಿ ಬಂದ. "ಇಬ್ಬರೂ ಪುಣೆಗೆ ನಡೆಯಿರಿ" ಎಂದ. ಅಲ್ಲಿ ಅವನದು ನಾಲ್ಕನೇ ಮಹಡಿಯ ಮನೆ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋದರೆ ಬರುವುದು ರಾತ್ರಿಗೆ. "ನಮ್ಮ ಮನೆಯಲ್ಲೇ ಇರುತ್ತೇವೆ, ಹೇಗೋ ಆಗುತ್ತದೆ" ಎಂದೆವು. ಹದಿನೈದು ದಿನ ರಜೆ ಹಾಕಿ ನೋಡಿಕೊಂಡ. ಮತ್ತೆ ರಜೆ ಇರಲಿಲ್ಲ. ಅಳುತ್ತಾ ಬಸ್ಸು ಹತ್ತಿದ.

ಆ ಸಂಜೆ ನಮಗೆ 'ಹೇಗೋ ಆಗುತ್ತದೆ' ಎಂಬ ಮಾತಿನ ಅರ್ಥ ತಿಳಿಯಿತು. ಮಂಚದಿಂದ ಎಬ್ಬಿಸಲು ಇಬ್ಬರು ಬೇಕು. ಸ್ನಾನ ಮಾಡಿಸಬೇಕು, ಬಟ್ಟೆ ಒಗೆಯಬೇಕು. ಬರೆಯುವವರ ಮೊಣಕಾಲೂ ನೋವಿನದೇ. ಆದರೂ ಸ್ವಾಮಿಗಳು ಫೋನ್ ಮಾಡಿ "ಏನಾದರೂ ಬೇಕೇ?" ಎಂದಾಗ ನಾವು ಕೊಟ್ಟ ಉತ್ತರ: "ಏನೂ ಬೇಡ ಸ್ವಾಮಿ, ನಿಮ್ಮ ಪ್ರಾರ್ಥನೆ ಸಾಕು."

ಅದು ಭಕ್ತಿಯ ಮಾತಲ್ಲ, ನಮ್ಮ ಅಹಂಕಾರದ ಮಾತು. ನಲವತ್ತು ವರ್ಷ ಇನ್ನೊಬ್ಬರ ಮನೆಗೆ ಸಕ್ಕರೆ, ಅಕ್ಕಿ, ಔಷಧಿ ಒಯ್ದ ಕೈಗಳು ನಮ್ಮವು. ಅವು ಮೇಲೆ ಇದ್ದು ರೂಢಿ. ಕೆಳಗೆ ಚಾಚುವುದು ಬರಲಿಲ್ಲ. ಸ್ವಾಮಿಗಳು ಹೆಚ್ಚು ವಾದಿಸಲಿಲ್ಲ. ಶನಿವಾರ ನಸುಕಿನ ಬಸ್ಸಿಗೆ ಇಬ್ಬರನ್ನು ಕಳಿಸಿಯೇ ಬಿಟ್ಟರು.

ಒಬ್ಬಾಕೆ ಸೋಲಾಪುರದಲ್ಲಿ ಬೀಡಿ ಕಟ್ಟುವ ತಂಗಿ, ಗಂಡನಿಲ್ಲದಾಕೆ. ಇನ್ನೊಬ್ಬ ಟೆಂಪೋ ಓಡಿಸುವ ಹುಡುಗ. ಆಕೆ ಕೈಚೀಲದಿಂದ ಶೇಂಗಾ ಚಟ್ನಿ, ಖಡಕ್ ರೊಟ್ಟಿಯ ಗಂಟು ತೆಗೆದಿಟ್ಟು, ಸೀರೆಯ ಸೆರಗು ಸಿಗಿಸಿ, "ಕಾಕೂ, ಮೊದಲ ತಲಿ ತೊಳ್ಯೂಣು ಬರ್ರಿ" ಎಂದಳು. ತಲೆಗೆ ನೀರು ಬಿದ್ದು ಇಪ್ಪತ್ತು ದಿನವಾಗಿತ್ತು. ಹೇಳುವವರು ಆ ದಿನ ಬಿಸಿನೀರಿನ ಜೊತೆ ಕಣ್ಣೀರನ್ನೂ ಹರಿಸಿದರು. ಸೋಪಿನ ಉರಿ ಎಂದು ಹೇಳಿದರಂತೆ.

ಅದೇ ದಿನ ಬಸ್ಸಿಗೆ ಮರಳಬೇಕಾಗಿದ್ದ ಆಕೆ ನಮ್ಮ ಸ್ಥಿತಿ ನೋಡಿ ಒಂಬತ್ತು ದಿನ ಉಳಿದಳು. ನಂತರ ಪ್ರತಿ ಶನಿವಾರ ಬರುತ್ತಿದ್ದಾಳೆ. 2023ರ ಮಾರ್ಚಿನಲ್ಲಿ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್ ಮಾಡಿದ ಮೇಲೆ ಬರುವುದು ಹಗುರಾಗಿದೆ ಎನ್ನುತ್ತಾಳೆ. ಟೆಂಪೋ ಹುಡುಗ ಬಚ್ಚಲಿನ ಗೋಡೆಗೆ ಹಿಡಿಯಲು ಕಬ್ಬಿಣದ ಸರಳು ಕೂರಿಸಿದ, ನುಣುಪು ಕಲ್ಲಿನ ಮೇಲೆ ರಬ್ಬರ್ ಚಾಪೆ ಹಾಸಿದ, ಹಾಸಿಗೆಯಿಂದ ಬಚ್ಚಲವರೆಗೆ ರಾತ್ರಿ ಉರಿಯುವ ಸಣ್ಣ ದೀಪ ಹಾಕಿದ. ಇಷ್ಟನ್ನು ಮೊದಲೇ ಮಾಡಿದ್ದರೆ ಬೀಳುವುದೇ ತಪ್ಪುತ್ತಿತ್ತೇನೋ. ಓದುಗರೇ, ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಈ ವಾರವೇ ಬಚ್ಚಲನ್ನು ನೋಡಿ.

ಬಳಿಕ ಒಬ್ಬೊಬ್ಬರಾಗಿ ಬಂದರು. ಯುವಕರ ಗುಂಪಿನ ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲೇ ಆಧಾರ್ ನೋಡಿ, ಆಯುಷ್ಮಾನ್ ಕಾರ್ಡು ಮಾಡಿಕೊಟ್ಟಳು. 70 ವರ್ಷ ದಾಟಿದವರಿಗೆ ಆದಾಯ ನೋಡದೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ವೆಚ್ಚದ ಈ ಸೌಲಭ್ಯ 2024ರ ಅಕ್ಟೋಬರಿನಲ್ಲಿ ಆರಂಭವಾದದ್ದು ನಮಗೆ ತಿಳಿದೇ ಇರಲಿಲ್ಲ. ನವೆಂಬರ್ ಬಂದಾಗ ಪಿಂಚಣಿಗೆ ಬೇಕಾದ 'ಬದುಕಿದ್ದೇವೆ' ಎಂಬ ಪ್ರಮಾಣವನ್ನೂ ಅವಳೇ ಮುಖದ ಚಿತ್ರ ಹಿಡಿದು ಕಳಿಸಿದಳು. "ಮುತ್ಯಾ, ಕಣ್ಣ ಪಿಳಕಿಸ್ರಿ, ಇಲ್ಲಂದ್ರ ಸರಕಾರ ನಂಬೂದಿಲ್ಲ" ಎಂದು ನಗಿಸಿದಳು. ದಾದಿಯಾಗಿ ನಿವೃತ್ತಿಯಾದ ಒಬ್ಬರು ಏಳು ಖಾನೆಯ ಡಬ್ಬಿಯಲ್ಲಿ ವಾರದ ಮಾತ್ರೆ ತುಂಬಿಸುವುದನ್ನು ಕಲಿಸಿದರು. ಮತ್ತೊಬ್ಬರು ಬಂದಾಗಲೆಲ್ಲ ಕಾಲಿನ ಉಗುರು ಕತ್ತರಿಸುತ್ತಾರೆ. ಬಗ್ಗಲಾರದವರಿಗೆ ಕಾಲಿನ ಉಗುರು ಎಷ್ಟು ದೊಡ್ಡ ಕಷ್ಟ ಎಂಬುದು ಬಗ್ಗಬಲ್ಲವರಿಗೆ ತಿಳಿಯದು. ಪಾದ ತೊಳೆಯುವ ಪವಿತ್ರ ಗುರುವಾರದ ವಿಧಿಯನ್ನು ಎಷ್ಟೋ ವರ್ಷ ನೋಡಿದ್ದೇವೆ. ಪೇತ್ರ ಯಾಕೆ 'ಬೇಡ' ಎಂದ ಎಂಬುದು ಈಗ ಅರ್ಥವಾಯಿತು.

ತಿಂಗಳ ಮೊದಲ ಶುಕ್ರವಾರ ಒಬ್ಬ ನಿವೃತ್ತ ಮಾಸ್ತರರು ಪರಮಪ್ರಸಾದ ತರುತ್ತಾರೆ. ಶ್ರೀಸಾಮಾನ್ಯರು ಹೀಗೆ ಪರಮಪ್ರಸಾದ ನೀಡಲು ಧರ್ಮಸಭೆ 1973ರಲ್ಲಿ ಅವಕಾಶ ಮಾಡಿಕೊಟ್ಟಿತು. ಇನ್ನೊಂದು ಮಾತು ಹಲವರಿಗೆ ತಿಳಿದಿರಲಾರದು. ಪರಮಪ್ರಸಾದಕ್ಕೆ ಮೊದಲಿನ ಒಂದು ಗಂಟೆಯ ಉಪವಾಸದಿಂದ ಧರ್ಮಸಭೆಯ ಕಾನೂನು ವೃದ್ಧರಿಗೂ ರೋಗಿಗಳಿಗೂ ವಿನಾಯಿತಿ ಕೊಟ್ಟಿದೆ. ಅವರ ಆರೈಕೆ ಮಾಡುವವರಿಗೂ ಕೊಟ್ಟಿದೆ. ಹಾಸಿಗೆಯ ಪಕ್ಕದಲ್ಲಿ ಕೂತವರನ್ನು ಆ ಕಾನೂನು ಮರೆತಿಲ್ಲ ಎಂದು ಮಾಸ್ತರರು ಹೇಳಿದಾಗ ಬರೆಯುವವರಿಗೆ ಬಹಳ ಸಮಾಧಾನವಾಯಿತು. ಸ್ವಾಮಿಗಳು ಬಂದು ವ್ಯಾಧಿಸ್ಥರ ಅಭ್ಯಂಗವನ್ನೂ ಕೊಟ್ಟರು. ಅದು ಸಾಯುವವರಿಗೆ ಮಾತ್ರ ಎಂದು ಹೆದರುವ ಮನೆಗಳು ಇನ್ನೂ ಇವೆ. ಹೆದರಬೇಡಿ. ಅದು ರೋಗಿಗೆ ಬಲ ಕೊಡುವ ಸಂಸ್ಕಾರ. ಅಗತ್ಯ ಬಿದ್ದರೆ ಮತ್ತೆ ಪಡೆಯಬಹುದು.

ಹೀಗೆ ಇಬ್ಬಿಬ್ಬರಾಗಿ ಮನೆಗೆ ಹೋಗುವ ಪದ್ಧತಿ ಹಳೆಯದು. ಪ್ರಭುವೇ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದರು. 1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡ್ರಿಕ್ ಓಜನಮ್ ಎಂಬ 20 ವರ್ಷದ ವಿದ್ಯಾರ್ಥಿ ಮತ್ತು ಅವನ ಗೆಳೆಯರು ಸೇರಿ ಒಂದು ಸಣ್ಣ ಕೂಟ ಕಟ್ಟಿದರು. ಬಡವರ ಮನೆಗೆ ಹೋಗುವುದು ಹೇಗೆಂದು ಅವರಿಗೆ ತೋರಿಸಿಕೊಟ್ಟವರು ರೊಜಾಲಿ ರೆಂದು ಎಂಬ ಧರ್ಮಭಗಿನಿ. ಓಜನಮ್ ತನ್ನ ಚಳಿಗಾಲದ ಸೌದೆಯಲ್ಲಿ ಉಳಿದಿದ್ದನ್ನು ಬಡ ವಿಧವೆಯ ಮನೆಗೆ ಹೊತ್ತೊಯ್ದನೆಂದು ಹೇಳುತ್ತಾರೆ. ಆ ಕೂಟವೇ ಇಂದಿನ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ. ಓಜನಮ್ 1997ರಲ್ಲಿ, ರೊಜಾಲಿ 2003ರಲ್ಲಿ ಪುನೀತರ ಪಂಕ್ತಿಗೆ ಸೇರಿದರು. 1921ರಲ್ಲಿ ಡಬ್ಲಿನ್ ನಗರದಲ್ಲಿ ಫ್ರಾಂಕ್ ಡಫ್ ಆರಂಭಿಸಿದ ಲೀಜನ್ ಆಫ್ ಮೇರಿಯ ಸದಸ್ಯರೂ ಇಬ್ಬಿಬ್ಬರಾಗಿಯೇ ಮನೆಗಳಿಗೆ ಹೋಗುತ್ತಾರೆ. ಇವುಗಳ ಹೆಸರು ನಮ್ಮ ಧರ್ಮಕೇಂದ್ರಗಳ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ. ನಾವು ಓದಿ ಮುಂದೆ ಹೋಗುತ್ತೇವೆ, ಒಂದು ದಿನ ಅವರೇ ನಮ್ಮ ಬಾಗಿಲಿಗೆ ಬರುವವರೆಗೆ.

ಈಗ ಸಂಕೋಚದ ಮಾತೊಂದನ್ನು ಹೇಳಬೇಕು. ಒಂಬತ್ತನೇ ದಿನ ಆ ತಂಗಿ ಹೊರಟಾಗ ನಾವು ಎರಡು ಸಾವಿರ ರೂಪಾಯಿ ಲಕೋಟೆಯಲ್ಲಿಟ್ಟು ಅವಳ ಚೀಲದ ತಳಕ್ಕೆ ಸೇರಿಸಿದೆವು. ಮುಂದಿನ ಶನಿವಾರ ಬಂದವಳೇ ಲಕೋಟೆಯನ್ನು ಮಾತೆ ಮರಿಯಳ ಪ್ರತಿಮೆಯ ಕೆಳಗಿಟ್ಟಳು. ಮುಖದಲ್ಲಿ ಸಿಟ್ಟಿತ್ತು. "ಕಾಕಾ, ನೀವು ರೊಕ್ಕ ಕೊಟ್ರ ನಾ ಕೂಲಿಯಾಕಿ ಆಗ್ತೀನ್ರಿ. ಕೊಡಲಿಲ್ಲಂದ್ರ ನಿಮ್ಮ ಮನಿ ಮಗಳು ಅದೀನಿ. ಯಾವ್ದು ಬೇಕ್ರಿ ನಿಮಗ?" ಎಂದು ಕೇಳಿದಳು. ನಮಗೆ ಬಾಯಿ ಬರಲಿಲ್ಲ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಬೀಡಿ ಕಟ್ಟುವವರಿಗೆ ಕೂಲಿ ಸಾವಿರದ ಲೆಕ್ಕದಲ್ಲಿ. ಕಟ್ಟಿದರೆ ಉಂಟು, ಕಟ್ಟದಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ಕಳೆದ ಒಂಬತ್ತು ದಿನ ಅವಳಿಗೆ ಒಂದು ಪೈಸೆ ಕೂಲಿ ಹುಟ್ಟಿರಲಿಲ್ಲ. ಆ ತಿಂಗಳ ಮನೆ ಬಾಡಿಗೆಗೆ ಓಣಿಯಲ್ಲಿ ಸಾಲ ಮಾಡಿದ್ದಳು. ಇದನ್ನು ಅವಳ ನೆರೆಯವರು ಹೇಳಿದ ರಾತ್ರಿ ನಮಗಿಬ್ಬರಿಗೂ ನಿದ್ದೆ ಬರಲಿಲ್ಲ. ಪಿಂಚಣಿ ಬರುವ ನಾವು, ದಿನದ ಕೂಲಿಯಾಕೆಯ ಅನ್ನವನ್ನು ಉಂಡೆವಲ್ಲ! ಹಣ ಕೊಟ್ಟರೆ ಅವಳಿಗೆ ಅವಮಾನ. ಕೊಡದಿದ್ದರೆ ನಮಗೆ ಪಾಪ.

ಸ್ವಾಮಿಗಳನ್ನು ಕೇಳಿದೆವು. "ಏನು ಕೊಡಬೇಕೆಂದು ನೀವೇ ಯಾಕೆ ತೀರ್ಮಾನಿಸುತ್ತೀರಿ? ಅವಳ ಮನೆಯ ಸುಖದುಃಖ ಎಂದಾದರೂ ಕೇಳಿದ್ದೀರಾ?" ಎಂದರು. ನಿಜ. ಅಷ್ಟು ವಾರ ನಮ್ಮ ಸೊಂಟ, ನಮ್ಮ ಮಾತ್ರೆ, ನಮ್ಮ ಮಗ ಎಂದೇ ಮಾತಾಡಿದ್ದೆವು. ಮುಂದಿನ ಶನಿವಾರ ಕೇಳಿದೆವು. ಮೊದಲು ಏನೂ ಇಲ್ಲವೆಂದಳು. ನಾವು ಸ್ವಾಮಿಗಳಿಗೆ ಹೇಳಿದ ಹಾಗೆಯೇ! ನಂತರ ಹೇಳಿದಳು. ಭವಿಷ್ಯ ನಿಧಿಯ ಪುಸ್ತಕದಲ್ಲಿ ಅವಳ ಹೆಸರು ಒಂದು ರೀತಿ, ಆಧಾರ್ ಕಾರ್ಡಿನಲ್ಲಿ ಇನ್ನೊಂದು ರೀತಿ. ಆ ಒಂದು ಅಕ್ಷರಕ್ಕಾಗಿ ವರ್ಷಗಟ್ಟಲೆಯ ಹಣ ನಿಂತಿತ್ತು. ಕಚೇರಿಗೆ ಅಲೆದು ಸೋತು ಕೈಬಿಟ್ಟಿದ್ದಳು.

ಗುಮಾಸ್ತಗಿರಿ ಮಾಡಿದ ಕೈಗೆ ಇದಕ್ಕಿಂತ ಸಂತೋಷ ಬೇಕೇ? ಹೇಳುವವರು ಮಂಚದ ಮೇಲಿಂದ ಹೇಳಿದರು, ಬರೆಯುವವರು ಮರಾಠಿಯಲ್ಲಿ ಅರ್ಜಿ ಬರೆದರು. ಶಾಲೆಯ ದಾಖಲೆ, ಮದುವೆಯ ದಾಖಲೆ, ಪ್ರಮಾಣಪತ್ರ, ನಕಲು ಪ್ರತಿ. ಮೂರು ಸಲ ತಿರುಗಿ ಬಂತು. ನಾಲ್ಕನೇ ಸಲಕ್ಕೆ ಹೆಸರು ಸರಿಯಾಯಿತು. ಆ ದಿನ ಅವಳು ಪೇಢೆ ತಂದಳು. ಲೆಕ್ಕ ಚುಕ್ತಾ ಆಯಿತೆಂದು ನಾವು ಹೇಳುತ್ತಿಲ್ಲ. ಬಿಸಿನೀರಿನ ಆ ಒಂದು ಸ್ನಾನದ ಬೆಲೆ ಯಾವ ಅರ್ಜಿಯಿಂದಲೂ ತೀರದು. ಆದರೆ ಆ ದಿನದಿಂದ ನಮ್ಮ ಮನೆಯಲ್ಲಿ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂಬ ಸಂಕೋಚ ಕಡಿಮೆಯಾಗಿದೆ.

ಇನ್ನೊಂದು ಹಳೆಯ ತಪ್ಪೂ ಈ ದಿನಗಳಲ್ಲಿ ಎದುರಿಗೆ ಬಂದು ನಿಂತಿತು. ಸೋಲಾಪುರದಲ್ಲಿ ನಾವಿನ್ನೂ ಪ್ರಾಯದಲ್ಲಿದ್ದಾಗ ಧರ್ಮಕೇಂದ್ರದಿಂದ ನಮ್ಮಿಬ್ಬರನ್ನು ಚಾಳಿನಲ್ಲಿ ಒಂಟಿಯಾಗಿದ್ದ ಒಬ್ಬ ಮುದುಕರ ಭೇಟಿಗೆ ನೇಮಿಸಿದ್ದರು. ಗಿರಣಿಯಲ್ಲಿ ದುಡಿದು ದಣಿದವರು. ನಾಲ್ಕೈದು ಭಾನುವಾರ ಹೋದೆವು. ಬಳಿಕ ಮಕ್ಕಳ ಪರೀಕ್ಷೆ, ಕ್ರಿಸ್ಮಸ್ ತಯಾರಿ, ನೆಂಟರ ಮದುವೆ ಎಂದು ಏಳು ವಾರ ತಪ್ಪಿತು. ಹೋದಾಗ ಅವರು ಬೈಯಲಿಲ್ಲ. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲೇ ಹೇಳಿದಳು: "ಅಜ್ಜ ಪ್ರತಿ ಭಾನುವಾರ ನಮ್ಮ ಮನಿಯಿಂದ ಎರಡು ಕಪ್ಪು-ಬಸಿ ಎರವಲು ಒಯ್ದು ತೊಳೆದು ಇಡ್ತಿದ್ರು. ಸಂಜೀಕ ಹಂಗೇ ತಂದು ಕೊಡ್ತಿದ್ರು."

ಅದನ್ನು ಕೇಳಿ ಅಂದು ನಾಚಿದೆವು, ಮತ್ತೆ ಮರೆತೆವು. ಈಗ ಶನಿವಾರ ಬೆಳಿಗ್ಗೆ ಬಸ್ಸಿನ ಹಾರ್ನ್ ಕೇಳಲು ಕಿವಿಗೊಟ್ಟು ಕೂತಾಗ ಆ ಎರಡು ಕಪ್ಪು-ಬಸಿ ಕಣ್ಣ ಮುಂದೆ ಬರುತ್ತವೆ. ಭೇಟಿಗೆ ಹೋಗುವವರಿಗೆ ಅದು ವಾರದ ಹತ್ತು ಕೆಲಸಗಳಲ್ಲಿ ಒಂದು. ಕಾಯುವವರಿಗೆ ಆ ವಾರದಲ್ಲಿ ಅದೊಂದೇ ಇರುತ್ತದೆ. ಬರಲಾಗದಿದ್ದರೆ ಬರಲಾಗದೆಂದು ಹೇಳಿ ಕಳಿಸಿ, ಅಷ್ಟು ಸಾಕು. ಹೇಳದೆ ತಪ್ಪಿಸಬೇಡಿ. ಆ ಹಿರಿಯರು ಈಗ ದೇವರ ಸನ್ನಿಧಿಯಲ್ಲಿದ್ದಾರೆ. ಅವರಿಗಾಗಿ ಪ್ರತಿದಿನ ಜಪಸರದ ಒಂದು ದಶಕ ಹೇಳುತ್ತೇವೆ.

ಸಂತ ಮಾರ್ಕನ ಶುಭಸಂದೇಶದ ಎರಡನೇ ಅಧ್ಯಾಯದಲ್ಲಿ ನಾಲ್ವರು ಸೇರಿ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ಬಿಚ್ಚಿ, ಪ್ರಭುವಿನ ಮುಂದೆ ಇಳಿಸಿದ ಪ್ರಸಂಗವಿದೆ. ಹೊತ್ತವರ ವಿಶ್ವಾಸದ ಬಗ್ಗೆ ಎಷ್ಟೋ ಪ್ರಬೋಧನೆ ಕೇಳಿದ್ದೇವೆ. ಮಲಗಿದ್ದವನ ಬಗ್ಗೆ ಈಗ ಯೋಚಿಸುತ್ತೇವೆ. ಅಷ್ಟು ಜನರ ಕಣ್ಣೆದುರು, ಹಗ್ಗದ ಮೇಲೆ ತೂಗುತ್ತಾ ಇಳಿಯಲು ಅವನು ಒಪ್ಪಿದನಲ್ಲ! ಅವನು 'ಬೇಡ, ಯಾರಿಗೂ ತೊಂದರೆ ಬೇಡ' ಎಂದಿದ್ದರೆ ನಾಲ್ವರ ವಿಶ್ವಾಸ ಬಾಗಿಲಲ್ಲೇ ನಿಲ್ಲುತ್ತಿತ್ತು.

ಅದೇ ಶುಭಸಂದೇಶದ ಮೊದಲನೇ ಅಧ್ಯಾಯದಲ್ಲಿ ಜ್ವರದಿಂದ ಮಲಗಿದ್ದ ಪೇತ್ರನ ಅತ್ತೆ ಇದ್ದಾಳೆ. ಮನೆಯವರು ಅವಳ ವಿಷಯ ಪ್ರಭುವಿಗೆ ತಿಳಿಸಿದರು, ಪ್ರಭು ಕೈಹಿಡಿದು ಎಬ್ಬಿಸಿದರು, ಅವಳು ಎದ್ದು ಅವರಿಗೆ ಉಪಚಾರ ಮಾಡಿದಳು. 2022ರ ಜೂನ್ 15ರಂದು ವಿಶ್ವಗುರು ಫ್ರಾನ್ಸಿಸರು ವೃದ್ಧಾಪ್ಯದ ಕುರಿತ ತಮ್ಮ ಉಪದೇಶಮಾಲೆಯಲ್ಲಿ ಈ ಭಾಗವನ್ನೇ ಎತ್ತಿಕೊಂಡು, ಕೃತಜ್ಞತೆಯಿಂದ ಹುಟ್ಟುವ ಸೇವೆಯ ಬಗ್ಗೆ ಮಾತನಾಡಿದರು. ಮೊಣಕಾಲು ನೋವಿನಿಂದ ಅವರು ಗಾಲಿಕುರ್ಚಿ ಹಿಡಿದ ದಿನಗಳವು. ಲೋಕವೆಲ್ಲ ನೋಡುತ್ತಿದ್ದಂತೆ ಇನ್ನೊಬ್ಬರ ನೆರವು ಪಡೆಯುತ್ತಿದ್ದ ಆ ದಿನಗಳಲ್ಲೇ ಕೃತಜ್ಞತೆಯ ಮಾತಾಡಿದರು. ಹಿಂದಿನ ವರ್ಷ, 2021ರಲ್ಲಿ, ಜುಲೈ ತಿಂಗಳ ನಾಲ್ಕನೇ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ಹಿರಿಯರ ದಿನವಾಗಿ ಧರ್ಮಸಭೆಗೆ ಕೊಟ್ಟವರೂ ಅವರೇ. 2025ರ ಏಪ್ರಿಲ್ 21ರಂದು ಅವರು ತಂದೆಯ ಮನೆ ಸೇರಿದರು.

ಪ್ರಿಯ ಓದುಗರೇ, ನಮ್ಮ ವಯಸ್ಸಿನವರಿಗೆ ನಮ್ಮ ವಿನಂತಿ ಇಷ್ಟೇ. 'ಏನಾದರೂ ಬೇಕೇ?' ಎಂದು ಕೇಳಿದಾಗ ಬೇಕಾದ್ದನ್ನು ಹೇಳಿ. 'ಪ್ರಾರ್ಥನೆ ಸಾಕು' ಎಂದು ತಪ್ಪಿಸಿಕೊಳ್ಳಬೇಡಿ. ಬಂದವರ ಹೆಸರು, ಅವರ ಮಕ್ಕಳ ಹೆಸರು, ಅವರ ಕಷ್ಟ ಕೇಳಿ ನೆನಪಿಟ್ಟುಕೊಳ್ಳಿ. ನಮ್ಮ ಬಳಿ ಓಡುವ ಕಾಲಿಲ್ಲ, ಆದರೆ ಕೇಳುವ ಕಿವಿ ಇದೆ, ಬೇಕಾದಷ್ಟು ಹೊತ್ತಿದೆ.

ಪ್ರಾಯದವರಿಗೂ ಒಂದು ಮಾತು. 'ಏನು ಬೇಕು?' ಎಂದು ಕೇಳುವ ಬದಲು 'ಗ್ಯಾಸ್ ಸಿಲಿಂಡರ್ ಬದಲಿಸಲೇ? ಜೋಳ ಬೀಸಿಸಿ ತರಲೇ? ಬ್ಯಾಂಕಿಗೆ ಕರೆದುಕೊಂಡು ಹೋಗಲೇ?' ಎಂದು ಕೇಳಿ. ಹಿರಿಯರಿಗೆ ಆಗ 'ಹೂಂ' ಎನ್ನುವುದು ಸುಲಭವಾಗುತ್ತದೆ. ಹತ್ತಿರ ಯಾರೂ ಇಲ್ಲದ ಹಿರಿಯರು ಕಂಡರೆ ಸರಕಾರದ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಬರೆದು ಅವರ ಗೋಡೆಗೆ ಅಂಟಿಸಿ. ಹಾಗೆಯೇ ನಿಮ್ಮ ಧರ್ಮಕೇಂದ್ರದಲ್ಲಿ ಮೂರು ಭಾನುವಾರ ಕಾಣದ ಮುಖ ಯಾವುದೆಂದು ಗಮನಿಸಿ. ಪೀಠದ ಮುಂದಿನ ಬೆಂಚಿನಲ್ಲಿ ಖಾಲಿಯಾದ ಆ ಜಾಗದ ಹಿಂದೆ ಒಂದು ಮನೆ ಇರುತ್ತದೆ.

ಹೇಳುವವರು ಈಗ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಮೊನ್ನೆ ಮಗ ಬಂದವನು ಮನೆ ನೋಡಿ, "ಅವ್ವಾ, ನಾನೊಬ್ಬನೇ ಮಗ ಅಂದುಕೊಂಡಿದ್ದೆ" ಎಂದ. ಅವನ ಮಾತಿನಲ್ಲಿ ನೋವೂ ಇತ್ತು, ನಿಶ್ಚಿಂತೆಯೂ ಇತ್ತು. ಅವನಿಗೂ ಆ ತಂಗಿಯ ಕೈಯ ರೊಟ್ಟಿ ಸಿಕ್ಕಿತು.

ನಮ್ಮ ಬಾಗಿಲು ತಟ್ಟಿದ ಎಲ್ಲರಿಗೂ ಈ ಪುಟದಿಂದ ನಮ್ಮ ಕೈಮುಗಿದ ನಮಸ್ಕಾರ. ಹೆಸರು ಬರೆಯಬಾರದೆಂದು ನೀವೇ ಆಣೆ ಹಾಕಿದ್ದೀರಿ, ಬರೆದಿಲ್ಲ. ಬರೆಯಬೇಕಾದ ಕಡೆ ಪ್ರಭು ಬರೆದುಕೊಂಡಿದ್ದಾರೆ. ಮುಪ್ಪಿನಲ್ಲಿ ಒಂಟಿಯಾಗಿರುವ ಎಲ್ಲ ಮನೆಗಳಿಗೂ ಇಂಥ ಹೆಜ್ಜೆ ಸದ್ದು ಕೇಳುವಂತಾಗಲಿ, ಮಾತೆ ಮರಿಯಳು ಎಲಿಜಬೇತಳ ಮನೆಗೆ ಹೋದಂತೆ ನಮ್ಮ ಕುಟುಂಬಗಳಿಂದ ಯಾರಾದರೊಬ್ಬರು ಹೊರಡುವಂತಾಗಲಿ ಎಂದು ಬೇಡುತ್ತೇವೆ.

ಇದನ್ನು ಮುಗಿಸುವಾಗ ಶುಕ್ರವಾರ ರಾತ್ರಿ. ನಾಳೆ ನಸುಕಿಗೆ ಬಸ್ಸು. ಕಪ್ಪು-ಬಸಿ ತೊಳೆದು ಇಟ್ಟಿದ್ದೇವೆ.